ಮಾವು, ಚಿಕ್ಕು, ನಿಂಬೆ ಮರಗಳ ಮೇಲೆ ಗಂಟು, ಗೊಂಚಲು, ಪೊದೆ: ಯಾವುದನ್ನು ಕಡಿಯಬೇಕು, ಯಾವುದನ್ನು ಬಿಡಬೇಕು?

ಕುರ್ಟಿ ಹಿತ್ತಲು (ಫೋಂಡಾ, ಗೋವಾ)

ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿ ನಾಲ್ಕು ಮರಗಳಿವೆ: 40 ವರ್ಷದ ಒಂದು ಬೀಜದ ಮಾವು, 7 ವರ್ಷದ ಒಂದು ಮಾನಕುರಾದ್ ತಳಿಯ ಕಸಿ ಮಾವು, ಒಂದು ಚಿಕ್ಕು, ಒಂದು ಕಾಗದಿ ನಿಂಬೆ. ಮಳೆ ನಿಂತ ಮೇಲೆ ಒಂದೊಂದರಲ್ಲೂ ಒಂದೊಂದು ವಿಚಿತ್ರ ಕಾಣುತ್ತಿದೆ.

ಹಳೇ ಮಾವಿನಲ್ಲಿ ಸುಮಾರು 15 ಅಡಿ ಎತ್ತರದ ಕೊಂಬೆಯ ಮೇಲೆ ಮಾವಿನದ್ದಲ್ಲದ ಎಲೆಯ ಪೊದೆ ಬಂದಿದೆ. ಎಲೆ ದಪ್ಪ, ಹೂ ಕಿತ್ತಳೆ ಬಣ್ಣದ ಸಣ್ಣ ಕೊಳವೆಯ ಹಾಗೆ. ಅಂಟಿಕೊಂಡ ಜಾಗದಲ್ಲಿ ಕೊಂಬೆ ತೆಂಗಿನಕಾಯಿಯಷ್ಟು ಊದಿದೆ, ಅದರಾಚೆಗಿನ ತುದಿ ಒಣಗುತ್ತಿದೆ. ಹೋದ ವರ್ಷ ಪೊದೆಯನ್ನು ಮುರಿದು ತೆಗೆದಿದ್ದೆವು, ಮತ್ತೆ ಚಿಗುರಿದೆ. ಇನ್ನೊಂದು ಸಣ್ಣದು ನೇರವಾಗಿ ಬೊಡ್ಡೆಯ ಮೇಲೇ ಇದೆ.

ಕಸಿ ಮಾವಿನಲ್ಲಿ ನಾಲ್ಕೈದು ತುದಿಗಳಲ್ಲಿ ಸಣ್ಣ ಸಣ್ಣ ಎಲೆಗಳು ಒತ್ತೊತ್ತಾಗಿ ಪೊರಕೆಯಂತೆ ಮೂಡಿವೆ. ಅದೇ ಗಿಡದ ಬೇರೆ ಎಲೆಗಳ ಮೇಲೆ ಸಾಸಿವೆಯಿಂದ ಮೆಣಸಿನಕಾಳಿನವರೆಗಿನ ಗಾತ್ರದ ಗುಳ್ಳೆಗಳು. ಎಲೆಗಳನ್ನು ಹೊಲಿದು ಮಾಡಿದ ಚೆಂಡಿನಂಥದ್ದೂ ಒಂದಿದೆ, ಹತ್ತಿರ ಹೋದರೆ ಕೆಂಪಿರುವೆ. ಚಿಕ್ಕುವಿನಲ್ಲಿ ಒಂದು ಕೊಂಬೆ ಗುಂಡಗಿಲ್ಲದೆ ಪಟ್ಟಿಯ ಹಾಗೆ ಚಪ್ಪಟೆಯಾಗಿ ತಿರುಚಿಕೊಂಡಿದೆ. ನಿಂಬೆಯ ಎಲೆ, ಕಾಯಿ, ಕಡ್ಡಿ ಎಲ್ಲದರ ಮೇಲೂ ಒರಟು ಕಜ್ಜಿ.

ಅಂಗಡಿಯಲ್ಲಿ ಫೋಟೊ ತೋರಿಸಿದ್ದಕ್ಕೆ ಎಲ್ಲಕ್ಕೂ ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕದ ಒಂದೇ ಬಾಟಲಿ ಕೊಟ್ಟರು. ಹೊಡೆಯಲೇ?


ಕಸಿಕತ್ತಿ (ಮಾಪುಸಾ)

ಬಾಟಲಿಯನ್ನು ಸದ್ಯ ಮುಚ್ಚಿಡಿ ಸರ್. ನೀವು ಬರೆದ ಆರರಲ್ಲಿ ಯಾವುದಕ್ಕೂ ಅದು ಮದ್ದಲ್ಲ. ಇನ್ನೊಂದು ತಿಂಗಳಲ್ಲಿ ಮಾವು ಹೂ ಬಿಡುತ್ತದೆ. ಪರಾಗ ಹೊತ್ತು ತರುವ ನೊಣ, ಜೇನುಗಳಿಗೇ ಅದು ಮೊದಲು ತಗಲುವುದು.

ಹಳೇ ಮಾವಿನ ಮೇಲಿರುವುದು ಬಂದಳಿಕೆ. ಬದನಿಕೆ ಅಂತಲೂ ಕರೆಯುತ್ತಾರೆ, ಮರಾಠಿಯವರ ಬಾಂಡಗುಳ. ಎಲೆ ಹಸಿರಾಗಿರುವುದರಿಂದ ತನ್ನ ಊಟವನ್ನು ತಾನೇ ಬೇಯಿಸಿಕೊಳ್ಳುತ್ತದೆ, ಆದರೆ ನೀರು ಮತ್ತು ಲವಣ ಪೂರ್ತಿ ಮಾವಿನದು. ಅಂಟಿದ ಜಾಗದಿಂದ ಆಚೆಗೆ ನೀರು ಹೋಗದೆ ತುದಿ ಒಣಗುವುದು ಅದಕ್ಕೇ. ಪೊದೆಯನ್ನಷ್ಟೇ ಮುರಿದರೆ ಏನೂ ಆಗುವುದಿಲ್ಲ. ಊದಿದ ಗಂಟಿನೊಳಗೆ ಅದರ ಹೀರುಬೇರು ಕಟ್ಟಿಗೆಯವರೆಗೂ ಇಳಿದಿರುತ್ತದೆ, ಅಲ್ಲಿಂದಲೇ ಮತ್ತೆ ಚಿಗುರುತ್ತದೆ. ಜೊತೆಗೆ ತೊಗಟೆಯ ಮೇಲೆಯೇ ಹಗ್ಗದಂಥ ಬೇರುಗಳನ್ನು ಹರಿಸಿ ಅಲ್ಲಲ್ಲಿ ಹೊಸದಾಗಿ ಕಚ್ಚಿಕೊಳ್ಳುತ್ತಾ ಹೋಗುತ್ತದೆ. ಕಡಿಯುವ ಮುಂಚೆ ಆ ಹಗ್ಗ ಬೊಡ್ಡೆಯ ಕಡೆಗೆ ಎಲ್ಲಿಯವರೆಗೆ ಬಂದಿದೆ ಅಂತ ಕೈಯಾಡಿಸಿ ನೋಡಿ. ಕೊನೆಯ ಕಚ್ಚು ಎಲ್ಲಿದೆಯೋ ಅಲ್ಲಿಂದ ಬೊಡ್ಡೆಯ ಕಡೆಗೆ ಕನಿಷ್ಠ ಒಂದು ಅಡಿ ಬಿಟ್ಟು ಕೊಂಬೆಯನ್ನೇ ತೆಗೆಯಬೇಕು. ಹೇಗೂ ಒಣಗುತ್ತಿರುವ ಕೊಂಬೆ, ನಷ್ಟವೇನಿಲ್ಲ.

ಗರಗಸ ಹಾಕುವ ಕ್ರಮ ಮುಖ್ಯ. ಮೇಲಿಂದ ಒಂದೇ ಸಲ ಕೊಯ್ದರೆ ಅರ್ಧ ಕೊಯ್ಯುವಷ್ಟರಲ್ಲಿ ಕೊಂಬೆಯ ಭಾರಕ್ಕೆ ಬೊಡ್ಡೆಯ ತೊಗಟೆ ಎರಡು ಮೂರು ಅಡಿ ಸೀಳಿಕೊಂಡು ಬರುತ್ತದೆ. ಮೊದಲು ಕೊಂಬೆಯ ಬುಡದಿಂದ ಒಂದು ಅಡಿ ದೂರದಲ್ಲಿ ಕೆಳಗಡೆಯಿಂದ ಮೂರನೇ ಒಂದು ಭಾಗ ಕೊಯ್ಯಿರಿ. ಎರಡನೆಯದು ಅದಕ್ಕಿಂತ ಎರಡು ಇಂಚು ಆಚೆಗೆ, ಮೇಲಿನಿಂದ. ಕೊಂಬೆ ಅಲ್ಲಿಗೆ ಲಟ್ಟನೆ ಮುರಿದು ಬೀಳುತ್ತದೆ. ಉಳಿದ ಮೋಟನ್ನು ಮೂರನೇ ಸಲ, ಕೊಂಬೆ ಬೊಡ್ಡೆಗೆ ಸೇರುವಲ್ಲಿ ಉಂಗುರದಂತೆ ಉಬ್ಬಿದ ಭಾಗ ಇರುತ್ತದಲ್ಲ, ಅದನ್ನು ಉಳಿಸಿ ಕೊಯ್ಯಿರಿ. ಗಾಯ ಮುಚ್ಚಿಕೊಳ್ಳುವುದೇ ಆ ಉಂಗುರದಿಂದ. ಬೊಡ್ಡೆಗೆ ಸಪಾಟಾಗಿ ಕೊಯ್ದರೆ ಗಾಯ ದೊಡ್ಡದಾಗಿ ಒಳಗೆ ಕೊಳೆ ಹೊಕ್ಕುತ್ತದೆ, ಮೋಟನ್ನು ಉದ್ದ ಬಿಟ್ಟರೂ ಅದು ಒಣಗಿ ಅಲ್ಲಿಂದಲೇ ಕೊಳೆ.

ಬೊಡ್ಡೆಯ ಮೇಲಿರುವ ಸಣ್ಣದಕ್ಕೆ ಬೊಡ್ಡೆ ಕಡಿಯಲಾಗುವುದಿಲ್ಲ. ಉಳಿಯಿಂದ ಗಂಟನ್ನು ಕೆತ್ತಿ ತೆಗೆಯಿರಿ, ಬೇರೆ ಬಣ್ಣದ ಬೆಣೆಯಂಥ ಭಾಗ ಕಾಣದೆ ಬರೀ ಮಾವಿನ ಕಟ್ಟಿಗೆ ಕಾಣುವವರೆಗೆ. ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣದ ಲೇಪ) ಹಚ್ಚಿ, ಒಣಗಿದ ಮೇಲೆ ಕಪ್ಪು ಪ್ಲಾಸ್ಟಿಕ್ಕನ್ನು ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ ಕಟ್ಟಿ. ಒಳಗೆ ಚೂರು ಉಳಿದಿದ್ದರೂ ಬೆಳಕಿಲ್ಲದೆ ಸೊರಗುತ್ತದೆ. ಒಂದೆರಡು ವರ್ಷ ಬೇಕಾಗಬಹುದು. ನಮ್ಮ ಕಡೆಯ ಮಳೆಗೆ ಪ್ಲಾಸ್ಟಿಕ್ ಅಡಿಯ ತೊಗಟೆ ಕೊಳೆಯುತ್ತದೆ, ಹಾಗಾಗಿ ಜೂನ್ ಬರುತ್ತಲೇ ಬಿಚ್ಚಿ ಅಕ್ಟೋಬರ್‌ನಲ್ಲಿ ಮತ್ತೆ ಕಟ್ಟಿ.

ಗಂಟಿಗೆ ಡೀಸೆಲ್ ಹಚ್ಚಿ, ಕಳೆನಾಶಕ ತುಂಬಿ ಅಂತ ಹೇಳುವವರು ಸಿಗುತ್ತಾರೆ. ಎರಡೂ ಬೇಡ. ಡೀಸೆಲ್ ತೊಗಟೆಯನ್ನೇ ಸಾಯಿಸುತ್ತದೆ, ಕಳೆನಾಶಕ ಗಂಟಿನಿಂದ ಮಾವಿನ ರಸಕ್ಕೂ ಸೇರುತ್ತದೆ.

ಈಗಲೇ ಮಾಡಿ, ಹಣ್ಣಾಗುವ ತನಕ ಕಾಯಬೇಡಿ. ಬಂದಳಿಕೆ ಹಣ್ಣಿನ ಬೀಜದ ಸುತ್ತ ಗೋಂದಿನಂಥ ಅಂಟು ಇರುತ್ತದೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಹೂಕುಟುಕ ಹಕ್ಕಿ ಅದನ್ನು ತಿಂದು ಪಕ್ಕದ ಕೊಂಬೆಗೆ ಒರೆಸಿ ಹೋಗುತ್ತದೆ, ಬೀಜ ಅಲ್ಲೇ ಕಚ್ಚಿಕೊಳ್ಳುತ್ತದೆ. ಒಂದು ಪೊದೆಯಿಂದ ಓಣಿಯ ಎಲ್ಲ ಮಾವಿಗೂ ಹರಡುವುದು ಹೀಗೆ. ಕಡಿದದ್ದನ್ನು ಸುಡಿ.


ಕೊಥ್ರೂಡ್ ಕೈತೋಟ (ಪುಣೆ)

ಮೇಲಿನವರು ಹೇಳಿದ್ದೆಲ್ಲ ಸರಿ, ಒಂದು ಬಿಟ್ಟು. ಹಣ್ಣಿಲ್ಲದ ಬಂದಳಿಕೆಯನ್ನು ಸುಡುವ ಕೆಲಸವೇ ಇಲ್ಲ. ಕಡಿದ ರೆಂಬೆ ಮತ್ತೆ ಬೇರು ಬಿಡುವುದಿಲ್ಲ, ಮೇಕೆಗೆ ಹಾಕಿದರೆ ಖುಷಿಯಿಂದ ತಿನ್ನುತ್ತದೆ. ಸುಡಬೇಕಾದದ್ದು ನಿಮ್ಮ ಕಸಿ ಮಾವಿನ ಪೊರಕೆ.

ಅದು ಬಹುಮಟ್ಟಿಗೆ ಮಾವಿನ ವಿಕೃತಿ ರೋಗ. ಫ್ಯುಸೇರಿಯಂ ಜಾತಿಯ ಶಿಲೀಂಧ್ರದಿಂದ ಬರುತ್ತದೆ. ಮೊಗ್ಗಿನೊಳಗೆ ಇರುವ ಕಣ್ಣಿಗೆ ಕಾಣದ ನುಸಿ ಅದನ್ನು ಹರಡಲು ನೆರವಾಗುತ್ತದೆ. ಇದನ್ನು ಮೊದಲು ದಾಖಲಿಸಿದ್ದು ಬಿಹಾರದ ದರ್ಭಂಗಾದಲ್ಲಿ, 1891ರಲ್ಲಿ. ಇವತ್ತಿಗೂ ಉತ್ತರದಲ್ಲೇ ಹೆಚ್ಚು, ಕೊಂಕಣದಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಎಳೆಯ ಗಿಡದಲ್ಲಿ ತುದಿ ಪೊರಕೆಯಾಗುತ್ತದೆ, ಕಾಯಿ ಬಿಡುವ ಗಿಡದಲ್ಲಿ ಹೂಗೊಂಚಲು ಹೂಕೋಸಿನ ಹಾಗೆ ಗಿಡ್ಡಗೆ ದಪ್ಪಗೆ ಆಗುತ್ತದೆ. ಅದರಲ್ಲಿ ಹೆಚ್ಚಿನವು ಗಂಡು ಹೂಗಳು, ಕಾಯಿ ಕಟ್ಟುವುದಿಲ್ಲ. ಸಾಮಾನ್ಯ ಗೊಂಚಲು ಒಣಗಿ ಉದುರಿದರೆ ಇದು ಕಪ್ಪಗೆ ಮರದಲ್ಲೇ ನೇತಾಡುತ್ತದೆ. ಮುಂದಿನ ವರ್ಷದ ರೋಗದ ದಾಸ್ತಾನು ಅದೇ.

ಕಡಿಯುವ ಮುಂಚೆ ಒಂದು ಪ್ರಶ್ನೆ: ಗಿಡದ ಬುಡಕ್ಕೆ ಯಾರಾದರೂ ಕಲ್ಟಾರ್ (ಬೆಳವಣಿಗೆ ತಡೆದು ಹೂ ಬರಿಸುವ ಔಷಧಿ) ಹಾಕಿದ್ದಾರಾ? ಅದು ಹೆಚ್ಚಾದರೂ ಚಿಗುರು ಗಿಡ್ಡವಾಗಿ ಗೆಣ್ಣುಗಳು ಒತ್ತೊತ್ತಾಗಿ ಬರುತ್ತವೆ, ಹೂಗೊಂಚಲೂ ಕುಗ್ಗುತ್ತದೆ. ವ್ಯತ್ಯಾಸ ಹಿಡಿಯುವುದು ಸುಲಭ. ಕಲ್ಟಾರ್ ಆದರೆ ಗಿಡದ ತುಂಬ ಒಂದೇ ಸಮ ಇರುತ್ತದೆ. ವಿಕೃತಿ ಆದರೆ ಅಲ್ಲೊಂದು ಇಲ್ಲೊಂದು ತುದಿಯಲ್ಲಿ ಮಾತ್ರ, ಎಲೆ ಚಿಕ್ಕ ಹುರುಪೆಯಂತೆ, ಅಕ್ಕಪಕ್ಕದ ಕೊಂಬೆ ಆರೋಗ್ಯವಾಗಿರುತ್ತದೆ. ಕಲ್ಟಾರ್ ಆಗಿದ್ದರೆ ಏನೂ ಕಡಿಯಬೇಡಿ, ಗೊಬ್ಬರ ನೀರು ಕೊಡಿ, ಕಾಲಕ್ರಮೇಣ ಇಳಿಯುತ್ತದೆ.

ವಿಕೃತಿಯೇ ಆದರೆ ಪೊರಕೆಯ ಬುಡದಿಂದ ಇನ್ನೂ 15ರಿಂದ 20 ಸೆಂಟಿಮೀಟರ್ ಕೆಳಗೆ, ಆರೋಗ್ಯವಾಗಿ ಕಾಣುವ ಕಡ್ಡಿಯಲ್ಲೇ ಕತ್ತರಿಸಬೇಕು. ಬರೀ ಪೊರಕೆಯನ್ನು ಚಿವುಟಿದರೆ ಕೆಳಗಿನ ಮೊಗ್ಗಿನಿಂದ ಮತ್ತೊಂದು ಪೊರಕೆ ಬರುತ್ತದೆ. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಪ್ರತಿ ಸಲ ಕತ್ತರಿಯ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿ. ಜನ ಬಿಡುವುದು ಇದೊಂದನ್ನೇ, ಆಮೇಲೆ ಮಾಡಿದ್ದೂ ದಂಡ ಅನ್ನುತ್ತಾರೆ. ಕತ್ತರಿಸಿದ್ದನ್ನು ನೆಲಕ್ಕೆ ಬೀಳಿಸದೆ ಚೀಲಕ್ಕೆ ಹಾಕಿ ಸುಡಿ. ನಂತರ ಒಂದು ಸಲ ಶಿಲೀಂಧ್ರನಾಶಕ ಕಾರ್ಬೆಂಡಜಿಮ್, ಲೀಟರಿಗೆ 1 ಗ್ರಾಂ. ದೊಡ್ಡ ತೋಟದವರು ಅಕ್ಟೋಬರ್ ಮೊದಲ ವಾರ ಬೆಳವಣಿಗೆಯ ಚೋದಕವಾದ ಎನ್‌ಎಎ 200 ಪಿಪಿಎಂ ಹೊಡೆಯುತ್ತಾರೆ, ಅಂಗಡಿಯಲ್ಲಿ ಪ್ಲಾನೋಫಿಕ್ಸ್ ಹೆಸರಲ್ಲಿ ಸಿಗುವ 4.5 ಶೇಕಡಾದ್ದಾದರೆ ಲೀಟರಿಗೆ ಸುಮಾರು 4.4 ಮಿಲಿ. ಈ ವರ್ಷ ಆ ಹೊತ್ತು ಮೀರಿದೆ. ನಾಲ್ಕೈದು ತುದಿಗೆ ಅದರ ಅಗತ್ಯವೂ ಕಾಣುವುದಿಲ್ಲ, ಕತ್ತರಿಯೇ ಸಾಕು. ಈ ಗಿಡದಿಂದ ಕಸಿಕಡ್ಡಿಯನ್ನು ಯಾರಿಗೂ ಕೊಡಬೇಡಿ. ರೋಗ ಊರಿಂದೂರಿಗೆ ಹೋಗುವುದು ಕಸಿಯ ಜೊತೆಯಲ್ಲೇ.

ಎಲೆಯ ಗುಳ್ಳೆ ಬೇರೆ ವಿಷಯ. ಒಂದು ಗುಳ್ಳೆಯನ್ನು ಬ್ಲೇಡಿನಿಂದ ಅಡ್ಡ ಸೀಳಿ, ಬೆಳಕಿಗೆ ಹಿಡಿದು ನೋಡಿ. ಒಳಗೆ ಗೋಡೆ ದಪ್ಪಗಿನ ಪುಟ್ಟ ಕೋಣೆ, ಅದರಲ್ಲಿ ಹಳದಿ ಬಣ್ಣದ ಒಂದು ಚಿಕ್ಕ ಹುಳು ಮಲಗಿರುತ್ತದೆ. ಇಲ್ಲದಿದ್ದರೆ ಖಾಲಿ ಕೋಣೆ, ಒಂದು ತೂತು. ಅದು ಗಂಟುನೊಣದ ಮರಿ. ನೊಣ ಮೊಟ್ಟೆ ಇಡುವುದು ಎಳೆ ತಾಮ್ರ ಬಣ್ಣದ ಚಿಗುರಿನಲ್ಲಿ, ನಮಗೆ ಗುಳ್ಳೆ ಕಾಣುವ ಹೊತ್ತಿಗೆ ಎಲೆ ಬಲಿತು ಹುಳು ಗೋಡೆಯೊಳಗೆ ಭದ್ರ. ಈಗ ಮೇಲಿಂದ ಏನು ಹೊಡೆದರೂ ಎಲೆ ತೊಳೆದ ಹಾಗಷ್ಟೇ. ತುಂಬ ಗುಳ್ಳೆಯಿರುವ ಎಲೆಗಳನ್ನು ಕಿತ್ತು ಹೂತುಹಾಕಿ. ಮುಂದಿನ ಚಿಗುರು ತಾಮ್ರ ಬಣ್ಣದಲ್ಲಿರುವಾಗಲೇ ಲೀಟರಿಗೆ 5 ಮಿಲಿ ಬೇವಿನೆಣ್ಣೆ, 1 ಮಿಲಿ ದ್ರವ ಸೋಪು, ಸಂಜೆ ಹೊತ್ತು, ವಾರ ಬಿಟ್ಟು ಎರಡು ಸಲ. ದೊಡ್ಡ ಮರಕ್ಕೆ ಅದೂ ಬೇಡ, ಫಸಲಿಗೆ ಪೆಟ್ಟು ಬೀಳುವುದು ಅಪರೂಪ.

ಇಂಟರ್‌ನೆಟ್ಟಿನಲ್ಲಿ ಮಾವಿನ ಗಂಟು ಅಂತ ಹುಡುಕಿದರೆ ಎಲೆಯ ಕಂಕುಳಲ್ಲಿ ಹಸಿರು ಮೊನಚು ಗಂಟುಗಳ ಹಿಂದಿ ವಿಡಿಯೊಗಳು ಬರುತ್ತವೆ. ಅದು ಸಿಲ್ಲಾ ಅನ್ನುವ ಬೇರೆ ಕೀಟದ್ದು, ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದ ತೊಂದರೆ. ಅದರ ಔಷಧಿ ಪಟ್ಟಿ ನಿಮಗಲ್ಲ.

ಹೊಲಿದ ಎಲೆಯ ಚೆಂಡು ಚಗಳಿ ಇರುವೆಯ ಗೂಡು. ಬಿಡಿ, ಪಾಪ. ಬೇರೆ ಕೀಟ ಹಿಡಿದು ತಿನ್ನುತ್ತವೆ. ಕೊಂಬೆ ಕಡಿಯುವ ದಿನ ಮಾತ್ರ ಅದರಿಂದ ದೂರ ಏಣಿ ಇಡಿ.


ಕುರ್ಟಿ ಹಿತ್ತಲು

ಗುಳ್ಳೆ ಸೀಳಿ ನೋಡಿದೆ, ಹಳದಿ ಹುಳು ಇತ್ತು. ಕಲ್ಟಾರ್ ಯಾರೂ ಹಾಕಿಲ್ಲ. ಪೊರಕೆ ಐದು ತುದಿಯಲ್ಲಿ ಮಾತ್ರ. ಬೋರ್ಡೋ ಪೇಸ್ಟನ್ನು ಮನೆಯಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡುವುದು ಹೇಗೆ? ಕೊಂಬೆ ಕಡಿಯಲು ಪರವಾನಗಿ ಬೇಕಾ? ಚಿಕ್ಕು, ನಿಂಬೆ ಬಗ್ಗೆಯೂ ಯಾರಾದರೂ ಹೇಳಿ.


ಮೈಲುತುತ್ತ (ಮಡಗಾಂವ್)

ನಿಮಗೆ ಒಂದು ಲೀಟರ್ ಪೇಸ್ಟ್ ಸಾಕ್ರೀ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಟ್ಟ ಸುಣ್ಣ, 1 ಲೀಟರ್ ನೀರು. ಅಡಿಕೆ ಸಿಂಪಡಣೆಗೆ ಇದೇ ತೂಕಕ್ಕೆ 10 ಲೀಟರ್ ನೀರು, ಅದು ಒಂದು ಶೇಕಡಾ ದ್ರಾವಣ. ಪೇಸ್ಟ್ ಅಂದ್ರ ಹತ್ತು ಪಟ್ಟು ಗಟ್ಟಿ.

ಎರಡು ಪ್ಲಾಸ್ಟಿಕ್ ಬಕೀಟು ತಗೊಳ್ರಿ. ಕಬ್ಬಿಣ, ತಗಡು ಬ್ಯಾಡ, ತುತ್ತ ಅದನ್ನ ತಿನ್ನುತ್ತದ. ಹಿಂದಿನ ರಾತ್ರಿ ತುತ್ತವನ್ನ ತೆಳು ಬಟ್ಟೆಯಾಗ ಗಂಟು ಕಟ್ಟಿ ಅರ್ಧ ಲೀಟರ್ ನೀರಿನ ಮೇಲ್ಭಾಗಕ್ಕೆ ತಾಗುವಂಗ ತೂಗು ಹಾಕ್ರಿ. ಕರಗಿದ ನೀಲಿ ನೀರು ಭಾರ, ತಾನಾಗೇ ಕೆಳಗ ಇಳೀತದ, ಗಂಟಿಗೆ ತಿಳಿ ನೀರು ಸಿಗ್ತಾ ಇರ್ತದ. ತಳಕ್ಕ ಸುರಿದ್ರ ಅಲ್ಲೇ ಹೆಪ್ಪುಗಟ್ಟಿ ಕೂಡ್ತದ. ಇನ್ನೊಂದರಾಗ ಸುಣ್ಣಕ್ಕ ನೀರು ಸ್ವಲ್ಪ ಸ್ವಲ್ಪ ಚಿಮುಕಿಸ್ರಿ. ಕುದ್ದು ಸಿಡೀತದ, ಕಣ್ಣಿಗೆ ಕನ್ನಡಕ ಇರಲಿ. ತಣ್ಣಗಾದ ಮ್ಯಾಲ ಅರ್ಧ ಲೀಟರ್ ಮಾಡಿ ಬಟ್ಟೆಯಾಗ ಸೋಸ್ರಿ. ಸುಣ್ಣದ ಹಾಲು ಕಲಕ್ತಾ ಇರೋವಾಗ ತುತ್ತದ ನೀರನ್ನ ಅದಕ್ಕ ಸುರೀರಿ. ಬಿಸಿ ಇದ್ದಾಗ ಕೂಡಿಸಿದ್ರ ಕಾಳು ಕಾಳಾಗ್ತದ, ಮರಕ್ಕ ಅಂಟೂದಿಲ್ಲ.

ಆಮ್ಯಾಲ ಪರೀಕ್ಷೆ. ಒಂದು ಕಬ್ಬಿಣದ ಮೊಳೆಯನ್ನ ಉಜ್ಜುಕಾಗದದಿಂದ ಹೊಳಿಯೂವಂಗ ಉಜ್ಜಿ ಪೇಸ್ಟಿನಾಗ ಒಂದು ನಿಮಿಷ ಅದ್ದಿ ತೆಗೀರಿ. ತೊಳದ ಮ್ಯಾಲ ಮೊಳೆ ಹಂಗ ಬಿಳಿ ಇದ್ರ ಸರಿ. ಕೆಂಪು ತಾಮ್ರದ ಲೇಪ ಹತ್ತಿದ್ರ ತುತ್ತ ಹೆಚ್ಚಾಗೇದ ಅಂತ ಅರ್ಥ, ಗಾಯದ ಅಂಚಿನ ತೊಗಟೆ ಸುಡ್ತದ. ಸುಣ್ಣದ ಹಾಲು ಇನ್ನಷ್ಟು ಹಾಕಿ ಮತ್ತ ಅದ್ದಿ ನೋಡ್ರಿ. ಹಿಂಗಾಗೂದು ಬಹುತೇಕ ಹಳೇ ಸುಣ್ಣದಿಂದ. ಗಾಳಿಗೆ ಇಟ್ಟ ಸುಣ್ಣ ಸತ್ತು ಹಿಟ್ಟಾಗಿರ್ತದ, ತೂಕ ಇದ್ರೂ ಕಸುವು ಇರೂದಿಲ್ಲ. ಗಟ್ಟಿ ಹೆಂಟೆ ಇರೋದನ್ನೇ ಕೊಳ್ರಿ. ಮಾಡಿದ ದಿನಾನೇ ಹಚ್ಚಿ ಮುಗಿಸ್ರಿ, ಮರುದಿನಕ್ಕ ಅಂಟು ಹೋಗ್ತದ.

ಹೆಬ್ಬೆರಳಿಗಿಂತ ಸಣ್ಣ ಕಡ್ಡಿಯ ಗಾಯಕ್ಕ ಪೇಸ್ಟ್ ಬ್ಯಾಡ. ದೊಡ್ಡ ಗಾಯಕ್ಕ ಹಚ್ರಿ, ಮಳಿಗಾಲದ ಮುಂಚೆ ಇನ್ನೊಮ್ಮೆ. ನಮ್ಮ ಕಡೆ ಜಿಟಿಜಿಟಿ ಮಳಿಯಾಗ ಕವಲಿನ ಮ್ಯಾಲ ಗುಲಾಬಿ ಬಣ್ಣದ ಹಕ್ಕಳಿಕೆ ಬರ್ತದಲ್ಲ, ಮಾವು ಹಲಸು ಗೇರು ಮೂರಕ್ಕೂ, ಅದಕ್ಕೂ ಇದೇ ಪೇಸ್ಟ್.

ನಿಂಬೆಯದು ಕಜ್ಜಿ ರೋಗ, ಬ್ಯಾಕ್ಟೀರಿಯಾದ್ದು. ಎಲೆಯ ಎರಡೂ ಬದಿ ಉಬ್ಬಿದ ಬೂಚಿನಂಥ ಚುಕ್ಕಿ, ಸುತ್ತ ಹಳದಿ ಉಂಗುರ ಇದ್ರ ಅದೇ. ಕಾಗದಿ ನಿಂಬೆಗೆ ಇದು ಬೇಗ ಹತ್ತತದ. ಈಗ ಒಣ ಹವಾದಾಗ ಕಜ್ಜಿ ಕಡ್ಡಿಗಳನ್ನ ಕತ್ತರಿಸಿ ಸುಡ್ರಿ, ಎಲೆ ಒದ್ದಿ ಇದ್ದಾಗ ಮುಟ್ಟಬ್ಯಾಡ್ರಿ. ತಾಮ್ರದ ಔಷಧಿ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ, ಈಗೊಮ್ಮೆ, ಮಳಿಗಾಲದ ಮುಂಚೆ ಹೊಸ ಚಿಗುರು ಬಂದಾಗ ಇನ್ನೊಮ್ಮೆ, ತಿಂಗಳು ಬಿಟ್ಟು ಮತ್ತೊಮ್ಮೆ. ಎಲೆಯಾಗ ಬೆಳ್ಳಿ ಗೆರೆ ಕೊರೆಯೋ ಹುಳ ಇದ್ರ ಅದನ್ನೂ ಬೇವಿನೆಣ್ಣೆಯಿಂದ ತಡೀಬೇಕು, ಅದು ಮಾಡಿದ ಗಾಯದಿಂದನೇ ರೋಗ ಒಳಗ ಹೊಕ್ಕೋದು. ಕಾಯಿ ಉಪ್ಪಿನಕಾಯಿಗೆ, ಪಾನಕಕ್ಕ ನಡೀತದ, ಕಜ್ಜಿ ಇರೋದು ಸಿಪ್ಪೆಗಷ್ಟೇ.


ಮುಲುಂಡ್ ಹಲಸು (ಮುಂಬೈ)

ಪರವಾನಗಿ ವಿಷಯ: ಮಹಾರಾಷ್ಟ್ರದ ನಗರಗಳಿಗೆ 1975ರ ಮರ ಸಂರಕ್ಷಣೆ ಕಾಯ್ದೆ ಇದೆ. ಸೊಸೈಟಿ ಆವರಣದ ಮರವಾದರೂ ದೊಡ್ಡ ಕೊಂಬೆ ತೆಗೆಯುವ ಮುಂಚೆ ಪಾಲಿಕೆಯ ಉದ್ಯಾನ ವಿಭಾಗಕ್ಕೆ ಫೋಟೊ ಸಮೇತ ಅರ್ಜಿ ಹಾಕಬೇಕು. ಗೋವಾದಲ್ಲಿ 1984ರ ಕಾಯ್ದೆ, ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ. ನಿಮ್ಮದು ಒಂದು ರೋಗದ ಕೊಂಬೆ, ಮರವಲ್ಲ, ಆದರೂ ಅದಕ್ಕೂ ಅನುಮತಿ ಬೇಕೇ ಅಂತ ಇಲಾಖೆಯಲ್ಲಿ ಕೇಳಿ. ಕೊಂಬೆ ರಸ್ತೆ ಅಥವಾ ಪಕ್ಕದವರ ಕಡೆ ಬಾಗಿದ್ದರೆ ಅವರನ್ನೂ ಒಂದು ಮಾತು ಕೇಳಿಕೊಳ್ಳಿ. ವಿದ್ಯುತ್ ತಂತಿ ಹತ್ತಿರವಿದ್ದರೆ ಇಲಾಖೆಯವರು ಲೈನ್ ಬಂದ್ ಮಾಡದೆ ಏಣಿ ಹತ್ತಿಸಬೇಡಿ.

ನನ್ನದೂ ಒಂದು ಪ್ರಶ್ನೆ ಸೇರಿಸುತ್ತೇನೆ: ಸೊಸೈಟಿಯ ಹಳೇ ಹಲಸಿನ ಬುಡದಲ್ಲಿ ಕಂದು ಬಣ್ಣದ, ಅಂಚು ಬಿಳಿಯಾದ, ಕಟ್ಟಿಗೆಯಷ್ಟು ಗಟ್ಟಿ ಅಣಬೆ ಅಟ್ಟದಂತೆ ಮೂಡಿದೆ. ಕಿತ್ತು ಪೇಸ್ಟ್ ಹಚ್ಚಿದರೆ ಸಾಕೆ?


ಕಸಿಕತ್ತಿ

ಸಾಲದು. ಅಟ್ಟದ ಅಣಬೆ ರೋಗದ ಹೂವಷ್ಟೇ, ಕಾಯಿಲೆ ಒಳಗಿನ ಕಟ್ಟಿಗೆಯಲ್ಲಿದೆ. ಹೊರಗೆ ಅಣಬೆ ಕಾಣುವ ಹೊತ್ತಿಗೆ ಒಳಗೆ ಕೊಳೆ ಸಾಕಷ್ಟು ಮುಂದುವರಿದಿರುತ್ತದೆ. ಮರದ ಸುತ್ತಿಗೆಯಿಂದ ಬುಡವನ್ನು ಸುತ್ತಲೂ ತಟ್ಟಿ ನೋಡಿ. ಗಟ್ಟಿ ಸದ್ದಿನ ನಡುವೆ ಡೋಲಿನ ಸದ್ದು ಬಂದ ಕಡೆ ಟೊಳ್ಳು. ಬುಡದ ಅರ್ಧ ಸುತ್ತಳತೆ ಹೀಗಿದ್ದರೆ, ಅಥವಾ ಮರ ಹೊಸದಾಗಿ ಒಂದು ಕಡೆಗೆ ವಾಲಿ ಎದುರು ಬದಿಯ ಮಣ್ಣು ಬಿರುಕು ಬಿಟ್ಟಿದ್ದರೆ, ಅದರಡಿ ಕಾರು ನಿಲ್ಲಿಸುವುದನ್ನು ಇವತ್ತೇ ನಿಲ್ಲಿಸಿ ಪಾಲಿಕೆಗೆ ತಿಳಿಸಿ. ಜೂನ್ ಮೊದಲ ಗಾಳಿಮಳೆಗೆ ಬೀಳುವುದು ಇಂಥವೇ. ಬುಡಕ್ಕೆ ಸುರಿದ ಸಿಮೆಂಟ್ ಇದ್ದರೆ ಒಡೆಸಿ, ಬೇರು ಕೊಳೆಯಲು ಅದೂ ಕಾರಣ.

ಬೊಡ್ಡೆಯ ಮೇಲೆ ಬೂದು ಹಸಿರು ಹಾಳೆ ಅಂಟಿಸಿದಂತೆ ಇರುವ ಕಲ್ಲುಹೂವು ಬೇರೆ. ಅದು ಮರದಿಂದ ಏನನ್ನೂ ಹೀರುವುದಿಲ್ಲ, ತಂತಿ ಬ್ರಷ್ಷಿನಿಂದ ಉಜ್ಜಿ ತೊಗಟೆ ಗಾಯ ಮಾಡಬೇಡಿ.

ಕುರ್ಟಿಯವರ ಚಿಕ್ಕು: ಚಪ್ಪಟೆ ಕೊಂಬೆ ಅಂತಲೇ ಇದಕ್ಕೆ ಹೆಸರು. ತುದಿಯಲ್ಲಿ ಎಲೆ ಚಿಕ್ಕದಾಗಿ ಹಳದಿ ತಿರುಗಿ ಗುಂಪಾಗಿರುತ್ತದೆ, ಹೂ ಬಂದರೂ ಕಾಯಿ ನಿಲ್ಲುವುದಿಲ್ಲ. ಪಟ್ಟಿ ಶುರುವಾಗುವ ಕಡೆಯಿಂದ ಕೆಳಗೆ, ಕೊಂಬೆ ಪೂರ್ತಿ ಗುಂಡಗಿರುವಲ್ಲಿ ಕತ್ತರಿಸಿ ಸುಟ್ಟರೆ ಮುಗಿಯಿತು. ಸಿಂಪಡಣೆ ಬೇಡ.


ವಾಕಡ್ ಪೇರಳೆ (ಪುಣೆ)

ಎಲ್ಲರೂ ಮೇಲೆ ನೋಡುತ್ತಿದ್ದೀರಿ, ಕೆಳಗಿನದ್ದನ್ನೂ ಕೇಳುತ್ತೇನೆ. ಮೂರು ವರ್ಷದ ಪೇರಳೆ ಗಿಡದ ಎಲೆ ತಾಮ್ರ ಬಣ್ಣಕ್ಕೆ ತಿರುಗಿ ಮಧ್ಯಾಹ್ನ ಬಾಡುತ್ತದೆ. ಬುಡ ಕೆದಕಿದಾಗ ಬೇರಿನ ತುಂಬ ಶುಂಠಿಯಂಥ ಗಂಟು.


ಕೊಥ್ರೂಡ್ ಕೈತೋಟ

ಬೇರುಗಂಟು ಜಂತುಹುಳ. ಕೊಂಬೆಯ ನೆರಳಿನ ಅಂಚಿನಲ್ಲಿ ಅರ್ಧ ಅಡಿ ಆಳದ ಸಣ್ಣ ಬೇರು ತೆಗೆದು ತೊಳೆದು ಖಚಿತ ಮಾಡಿಕೊಳ್ಳಿ. ಗಂಟು ಬೇರಿನ ಮೇಲೆ ಅಂಟಿದ್ದಲ್ಲ, ಬೇರೇ ಊದಿದ್ದು, ಉಜ್ಜಿದರೆ ಬರುವುದಿಲ್ಲ. ಮಣ್ಣಿನಿಂದ ಇದನ್ನು ಪೂರ್ತಿ ತೆಗೆಯಲಾಗುವುದಿಲ್ಲ, ಗಿಡವನ್ನು ಬದುಕಿಸಿಕೊಳ್ಳಬಹುದು ಅಷ್ಟೇ. ವರ್ಷಕ್ಕೆರಡು ಸಲ, ಮಳೆಗಾಲದ ಆರಂಭದಲ್ಲಿ ಮತ್ತು ಕೊನೆಯಲ್ಲಿ, 1ರಿಂದ 2 ಕೆಜಿ ಬೇವಿನ ಹಿಂಡಿಯನ್ನು ಕೊಳೆತ ಸಗಣಿ ಗೊಬ್ಬರದ ಜೊತೆ ಕಲಸಿ ಬೇರಿನ ವಲಯಕ್ಕೆ ಹಾಕಿ ಮಣ್ಣು ಮುಚ್ಚಿ. ಜಂತುವನ್ನು ಕೊಲ್ಲುವ ಶಿಲೀಂಧ್ರ ಪರ್ಪ್ಯೂರಿಯೊಸಿಲಿಯಂ ಲಿಲಾಸಿನಂನ ಪುಡಿ ಸಿಕ್ಕರೆ ಇದೇ ಮಿಶ್ರಣಕ್ಕೆ ಸೇರಿಸಿ, ಹಸಿ ಇರುವಂತೆ ಹತ್ತು ಹದಿನೈದು ದಿನ ನೆರಳಲ್ಲಿಟ್ಟು ಹಾಕಿದರೆ ಹೆಚ್ಚು ಹಿಡಿಯುತ್ತದೆ. ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ, ಗಂಟು ಬೇರು ನೀರು ಎಳೆಯಲಾರದು. ಬುಡದ ಸುತ್ತ ಚೆಂಡುಹೂ ಇರಲಿ. ಟೊಮೇಟೊ, ಬದನೆ, ಬೆಂಡೆ ಬೇಡ, ಜಂತುವಿಗೆ ಅವೂ ಹಬ್ಬದೂಟ. ಆ ಮಣ್ಣು ಹತ್ತಿದ ಗುದ್ದಲಿಯನ್ನು ತೊಳೆಯದೆ ಬೇರೆ ಗಿಡಕ್ಕೆ ಒಯ್ಯಬೇಡಿ.

ಇದು ಬಹುತೇಕ ನರ್ಸರಿ ಚೀಲದ ಮಣ್ಣಿನಲ್ಲೇ ಬಂದಿರುತ್ತದೆ. ಮುಂದಿನ ಸಲ ಗಿಡ ಕೊಳ್ಳುವಾಗ ಕಪ್ಪು ಚೀಲವನ್ನು ಒಂದು ಬದಿ ಸೀಳಿಸಿ ಬೇರು ನೋಡಿಯೇ ದುಡ್ಡು ಕೊಡಿ. ಸೀಳಲು ಒಪ್ಪದ ಕಡೆ ಕೊಳ್ಳಬೇಡಿ.


ಕುರ್ಟಿ ಹಿತ್ತಲು

ಎಲ್ಲರಿಗೂ ವಂದನೆ. ಭಾನುವಾರ ಕೊಂಬೆ ತೆಗೆಸುತ್ತೇನೆ. ಮಾವಿನ ಸೊನೆ ಬಗ್ಗೆ ಏನಾದರೂ ಎಚ್ಚರ ಬೇಕೆ?


ಮೈಲುತುತ್ತ

ಬೇಕ್ರೀ. ತುಂಬು ತೋಳಿನ ಅಂಗಿ, ಕೈಗೆ ಮೊದಲೇ ಕೊಬ್ಬರಿ ಎಣ್ಣಿ. ಸೊನೆ ಚರ್ಮಕ್ಕ ಬಿದ್ರ ಉಜ್ಜಬ್ಯಾಡ್ರಿ, ಮೊದಲು ಎಣ್ಣಿಯಿಂದ ಒರೆಸಿ ಆಮ್ಯಾಲ ಸೋಪು ಹಚ್ಚಿ ತೊಳೀರಿ. ಗರಗಸಕ್ಕ ಸೊನೆ ಅಂಟಿ ಸಿಕ್ಕೊಳ್ಳಾಕ ಹತ್ತಿದ್ರ ಸೀಮೆಎಣ್ಣಿ ಬಟ್ಟೆಯಿಂದ ಒರಸ್ರಿ. ಮೂರನೇ ಕೊಯ್ತಕ್ಕ ಗರಗಸ ಸ್ವಚ್ಛ ಇರಬೇಕು, ಹರಕು ಅಂಚಿನ ಗಾಯ ಲಗೂನ ಮುಚ್ಚೂದಿಲ್ಲ.